ಗುಡ್ಡದ ಮೇಲೆ ಗಾಳಿಯಂತ್ರ, ತಂತಿಯಲ್ಲಿ ಕಲ್ಲಿದ್ದಲು: ಉಷ್ಣ ವಿದ್ಯುತ್ ಬಿಡೋದು ಯಾಕಿಷ್ಟು ಕಷ್ಟ?

ಚಿತ್ರದುರ್ಗದ ಸುತ್ತ ಯಾವ ರಸ್ತೆ ಹಿಡಿದು ಹೊರಟರೂ ಕಣ್ಣಿಗೆ ಮೊದಲು ಬೀಳೋದು ಗುಡ್ಡಸಾಲಿನ ಮೇಲೆ ನಿಂತ ಗಾಳಿಯಂತ್ರಗಳು. ಚಳ್ಳಕೆರೆಯ ಆಚೆ, ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹಾಸಿಕೊಂಡಿದೆ. 2025ರ ಹೊತ್ತಿಗೆ ಕರ್ನಾಟಕದಲ್ಲಿ ಸೋಲಾರ್ ಸಾಮರ್ಥ್ಯ 9,000 ಮೆಗಾವಾಟ್, ಗಾಳಿಯದ್ದು 7,000 ಮೆಗಾವಾಟ್ ಮೀರಿದೆ. ಇಷ್ಟಿದ್ದೂ ಮಾರ್ಚ್ ತಿಂಗಳ ಒಂದು ಸಂಜೆ ಏಳು ಗಂಟೆಗೆ ದಾವಣಗೆರೆಯ ಮನೆಗಳಲ್ಲಿ ಉರಿಯುವ ಕರೆಂಟಿನ ದೊಡ್ಡ ಪಾಲು ರಾಯಚೂರು, ಯರಮರಸ್, ಕುಡಿತಿನಿ, ಕೂಡಗಿಯ ಕಲ್ಲಿದ್ದಲು ಸ್ಥಾವರಗಳ ಬಾಯ್ಲರುಗಳಿಂದ ಬಂದದ್ದು. ಆ ಬಾಯ್ಲರುಗಳಿಗೆ ಬೇಕಾದ ಕಲ್ಲಿದ್ದಲಿನ ಒಂದೇ ಒಂದು ಗಣಿಯೂ ನಮ್ಮ ರಾಜ್ಯದಲ್ಲಿಲ್ಲ.

ಹಾಗಾದರೆ ಯಾಕೆ ಸುಡುತ್ತಿದ್ದೇವೆ? "ಕಲ್ಲಿದ್ದಲು ಅಗ್ಗ, ಅದಕ್ಕೆ" ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಹೊಸದಾಗಿ ಕಟ್ಟುವ ಕಲ್ಲಿದ್ದಲು ಸ್ಥಾವರದ ಕರೆಂಟು ಈಗ ಅಗ್ಗವೇನಲ್ಲ. ಈಚಿನ ಟೆಂಡರುಗಳಲ್ಲಿ ಅದರ ದರ ಯೂನಿಟ್ಟಿಗೆ 5 ರೂಪಾಯಿ ದಾಟಿದೆ. ಸೋಲಾರ್ ದರ 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆಗೆ ಇಳಿದಿತ್ತು, ಆಮೇಲೂ ಎರಡೂವರೆ ರೂಪಾಯಿ ಆಸುಪಾಸಿನಲ್ಲೇ ಇದೆ. ಅಗ್ಗ ಎಂದು ಕಾಣುವುದು ಯಾವಾಗಲೋ ಕಟ್ಟಿ ನಿಲ್ಲಿಸಿದ, ಸಾಲ ಬಹುಪಾಲು ತೀರಿದ ಹಳೇ ಸ್ಥಾವರಗಳ ಕರೆಂಟು. ಅದೂ ಕೇಳಿದ ಹೊತ್ತಿಗೆ ಸಿಗುತ್ತದೆ ಎಂಬ ಕಾರಣಕ್ಕೆ. ಹಣ, ಹೊತ್ತು, ಹಳೇ ಕರಾರು ಈ ಮೂರನ್ನೂ ಬಿಡಿಸಿ ನೋಡಿದರೆ ಮಾತ್ರ ವಿಷಯ ಅರ್ಥವಾಗುತ್ತದೆ.

ಒಂದು ಬೋರ್‌ವೆಲ್, ಒಂದು ದಿನ

ಮೊದಲು ಪ್ರಮಾಣದ ಅಂದಾಜು ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ ಇರುವ ಶಾಖ 860 ಕಿಲೋಕ್ಯಾಲರಿ. ಕಲ್ಲಿದ್ದಲು ಸ್ಥಾವರ ಅದನ್ನು ತಯಾರಿಸಲು ಸುಮಾರು 2,450 ಕಿಲೋಕ್ಯಾಲರಿ ಸುಡುತ್ತದೆ. ಉಳಿದದ್ದು ಚಿಮಣಿಯಲ್ಲಿ, ಕೂಲಿಂಗ್ ಟವರಿನಲ್ಲಿ ಹೋಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಕೆಜಿಗೆ 3,500 ಕಿಲೋಕ್ಯಾಲರಿ ಸಿಕ್ಕಿದರೆ ಒಳ್ಳೆಯದೇ, ಮೂರನೇ ಒಂದು ಪಾಲಿಗೂ ಹೆಚ್ಚು ಬೂದಿಯೇ ಇರುತ್ತದೆ. ಭಾಗಿಸಿದರೆ ಯೂನಿಟ್ಟಿಗೆ 700 ಗ್ರಾಂ ಕಲ್ಲಿದ್ದಲು.

ಈಗ ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟದ 10 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರನ್ನೇ ತೆಗೆದುಕೊಳ್ಳಿ. ಮೋಟಾರಿನ ದಕ್ಷತೆ ಲೆಕ್ಕ ಹಿಡಿದರೆ ಅದು ತಂತಿಯಿಂದ ಎಳೆಯುವುದು 9ರಿಂದ 9.5 ಕಿಲೋವಾಟ್. ಏಳು ಗಂಟೆ ತ್ರೀ ಫೇಸ್ ಸಿಕ್ಕರೆ ದಿನಕ್ಕೆ ಸುಮಾರು 65 ಯೂನಿಟ್. ಲೈನು, ಸಬ್‌ಸ್ಟೇಷನ್, ಟಿಸಿ (ಟ್ರಾನ್ಸ್‌ಫಾರ್ಮರ್)ಗಳಲ್ಲಿ ಸೋರಿ ಹೋಗುವುದು, ಸ್ಥಾವರವೇ ತನ್ನ ಪಂಪು, ಫ್ಯಾನು, ಗಿರಣಿಗಳಿಗೆ ಬಳಸಿಕೊಳ್ಳುವುದು ಸೇರಿದರೆ ಅಷ್ಟಕ್ಕಾಗಿ 80 ಯೂನಿಟ್ ಉತ್ಪಾದಿಸಬೇಕು. ಅಂದರೆ 56 ಕೆಜಿ ಕಲ್ಲಿದ್ದಲು. ಒಂದು ಬೋರು, ಒಂದು ದಿನ, ಒಂದು ಮೂಟೆಗೂ ಮಿಗಿಲು. ಅದರ ಹಿಂದೆ 20 ಕೆಜಿ ಬೂದಿ, ಮುಕ್ಕಾಲು ಕ್ವಿಂಟಾಲಿನಷ್ಟು ಇಂಗಾಲದ ಡೈಆಕ್ಸೈಡ್. ಕೊಳವೆಬಾವಿ ಆಳವಾದಷ್ಟೂ ಮೋಟಾರಿನ ಎಚ್‌ಪಿ ಏರುತ್ತದೆ. ಅಂತರ್ಜಲ ಕುಸಿಯುವುದಕ್ಕೂ ಕಲ್ಲಿದ್ದಲಿಗೂ ನಮ್ಮ ಜಿಲ್ಲೆಗಳಲ್ಲಿ ಇಷ್ಟು ನೇರ ನಂಟಿದೆ.

ಇದನ್ನೇ ಸ್ಥಾವರದ ಕಡೆಯಿಂದ ನೋಡೋಣ. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. 210 ಮೆಗಾವಾಟ್‌ನ ಏಳು, 250ರ ಒಂದು ಸೇರಿ ಅಲ್ಲಿನ ಸಾಮರ್ಥ್ಯ 1,720 ಮೆಗಾವಾಟ್. 210ರ ಒಂದೇ ಘಟಕ ಪೂರ್ತಿ ಲೋಡಿನಲ್ಲಿ ಓಡಿದರೆ ದಿನಕ್ಕೆ 3,500 ಟನ್ ನುಂಗುತ್ತದೆ. ಐವತ್ತೊಂಬತ್ತು ವ್ಯಾಗನ್ನಿನ ಒಂದು ರೇಕಿನಲ್ಲಿ ಬರುವುದು ಹೆಚ್ಚು ಕಡಿಮೆ 3,800ರಿಂದ 4,000 ಟನ್. ಘಟಕಕ್ಕೊಂದು ರೇಕು, ದಿನಾ. ಎಂಟೂ ಘಟಕ ಓಡಿದರೆ ಏಳು ರೇಕಿಗೂ ಹೆಚ್ಚು. ಈ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್, ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್‌ನಿಂದ ಬರಬೇಕು. ಒಡಿಶಾದ ತಾಲ್ಚೇರಿನಿಂದ ರಾಯಚೂರಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಷ್ಟು ದೂರದ ಕಲ್ಲಿದ್ದಲಿಗೆ ಗಣಿ ದರಕ್ಕಿಂತ ರೈಲು ಬಾಡಿಗೆಯೇ ಹೆಚ್ಚಾಗುವುದೂ ಉಂಟು.

ಮಳೆಗಾಲದಲ್ಲಿ ಈ ಸರಪಳಿ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಗಮನಿಸಬೇಕು. ತೆರೆದ ಗಣಿಯಲ್ಲಿ ನೀರು ತುಂಬಿ ಉತ್ಪಾದನೆ ಕುಗ್ಗುತ್ತದೆ. ಬಂದ ಕಲ್ಲಿದ್ದಲು ಒದ್ದೆಯಾಗಿದ್ದರೆ ವ್ಯಾಗನ್ ಟಿಪ್ಲರಿನಲ್ಲಿ ಬೋರಲು ಹಾಕಿದರೂ ಪೂರ್ತಿ ಬೀಳುವುದಿಲ್ಲ, ಕಲ್ಲಿದ್ದಲು ತುಂಬಿಡುವ ಬಂಕರಿನ ಗೋಡೆಗೆ ಅಂಟಿಕೊಂಡು ಗಿರಣಿಯ ಕಡೆ ಇಳಿಯುವುದೇ ಇಲ್ಲ. ಪುಡಿ ಮಾಡುವ ಗಿರಣಿಗೆ ಸಾಕಷ್ಟು ಬಿಸಿಗಾಳಿ ಸಿಗದೆ ಲೋಡು ಇಳಿಸಬೇಕಾಗುತ್ತದೆ. ರೇಕು ಖಾಲಿ ಮಾಡಲು ತಡವಾದರೆ ರೈಲ್ವೆಗೆ ಡೆಮರೇಜ್, ಅಂದರೆ ತಡದ ದಂಡ ಕಟ್ಟಬೇಕು. 2021ರ ಅಕ್ಟೋಬರಿನಲ್ಲಿ ದೇಶದ ಹಲವು ಸ್ಥಾವರಗಳಲ್ಲಿ ನಾಲ್ಕೈದು ದಿನದ ದಾಸ್ತಾನು ಕೂಡ ಉಳಿಯದೆ ಹೋದದ್ದಕ್ಕೆ ಇಂಥ ಹಲವು ಕಾರಣ ಒಟ್ಟಿಗೆ ಕೂಡಿಬಂದಿದ್ದವು. ಕಲ್ಲಿದ್ದಲು ಎಂದರೆ ಭದ್ರ, ಗಾಳಿ-ಬಿಸಿಲು ಎಂದರೆ ಅಭದ್ರ ಎಂದು ಕಣ್ಣು ಮುಚ್ಚಿ ಹೇಳುವವರು ಈ ರೇಕಿನ ಲೆಕ್ಕವನ್ನೂ ನೋಡಬೇಕು.

ಬಿಲ್ಲಿನ ಒಳಗೆ ಎರಡು ದರ

ಉಷ್ಣ ಸ್ಥಾವರದಿಂದ ಕರೆಂಟು ಕೊಳ್ಳುವಾಗ ಬೆಸ್ಕಾಂನಂಥ ಕಂಪನಿಗಳು ಎರಡು ಬಗೆಯ ಹಣ ಕೊಡುತ್ತವೆ. ಒಂದು ಸ್ಥಿರ ವೆಚ್ಚ: ಸ್ಥಾವರ ಕಟ್ಟಿದ ಸಾಲದ ಬಡ್ಡಿ, ಸವಕಳಿ, ಹೂಡಿಕೆಯ ಮೇಲಿನ ಲಾಭ, ಸಂಬಳ, ನಿರ್ವಹಣೆ. ಇನ್ನೊಂದು ಚರ ವೆಚ್ಚ: ಸುಟ್ಟ ಕಲ್ಲಿದ್ದಲು, ಎಣ್ಣೆ. ಸ್ಥಾವರ "ನಾನು ಸಿದ್ಧ" ಎಂದು ವರ್ಷದ ಶೇ 85ರಷ್ಟು ಹೊತ್ತು ತಯಾರಿದ್ದರೆ ಸಾಕು, ಕರೆಂಟು ತೆಗೆದುಕೊಂಡರೂ ಬಿಟ್ಟರೂ ಸ್ಥಿರ ವೆಚ್ಚ ಪೂರ್ತಿ ಕೊಡಬೇಕು. ಈ ಕರಾರುಗಳು ಸಾಮಾನ್ಯವಾಗಿ 25 ವರ್ಷದವು.

ಇದರ ಪರಿಣಾಮ ಏನು ಅಂತ ಅಂಕಿ ಹಾಕಿ ನೋಡಿ. 800 ಮೆಗಾವಾಟ್‌ನ ಒಂದು ಘಟಕದ ಸ್ಥಿರ ವೆಚ್ಚ ವರ್ಷಕ್ಕೆ 1,000 ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ 85ರ ಲೋಡಿನಲ್ಲಿ ಓಡಿದರೆ 596 ಕೋಟಿ ಯೂನಿಟ್ ಬರುತ್ತದೆ, ಸ್ಥಿರ ವೆಚ್ಚ ಯೂನಿಟ್ಟಿಗೆ 1 ರೂಪಾಯಿ 68 ಪೈಸೆ. ಅದೇ ಘಟಕ ಶೇ 45ಕ್ಕೆ ಇಳಿದರೆ ಯೂನಿಟ್ಟಿಗೆ 3 ರೂಪಾಯಿ 17 ಪೈಸೆ. ಗಾಳಿ, ಬಿಸಿಲು ಹೆಚ್ಚಿದಂತೆಲ್ಲ ಕಲ್ಲಿದ್ದಲು ಘಟಕ ಕಡಿಮೆ ಓಡುತ್ತದೆ, ಆದರೆ ಅದಕ್ಕೆ ಕಟ್ಟುವ ಕಂತು ಕಡಿಮೆಯಾಗುವುದಿಲ್ಲ. ಜುಲೈ-ಆಗಸ್ಟಿನಲ್ಲಿ ಗಾಳಿ ಜೋರಾಗಿ, ಶರಾವತಿ, ಕಾಳಿ ತುಂಬಿದಾಗ ರಾಜ್ಯದ ಹಲವು ಉಷ್ಣ ಘಟಕ ನಿಲ್ಲಿಸುತ್ತಾರೆ. ನಿಂತ ಘಟಕಕ್ಕೂ ದುಡ್ಡು ಹೋಗುತ್ತಲೇ ಇರುತ್ತದೆ.

ಕರೆಂಟು ಹಂಚುವ ಬೆಂಗಳೂರಿನ ರಾಜ್ಯ ಭಾರ ರವಾನಾ ಕೇಂದ್ರ ದಿನವೂ ಮಾಡುವ ಲೆಕ್ಕದಲ್ಲಿ ಸ್ಥಿರ ವೆಚ್ಚಕ್ಕೆ ಜಾಗವಿಲ್ಲ. ಅದು ಹೇಗಿದ್ದರೂ ಕೊಡಲೇಬೇಕಾದ್ದು. ಹಾಗಾಗಿ ಚರ ವೆಚ್ಚ ಯಾರದು ಕಡಿಮೆಯೋ ಅವರನ್ನು ಮೊದಲು ಓಡಿಸುತ್ತಾರೆ. ಛತ್ತೀಸಗಡದಲ್ಲೋ ಸಿಂಗ್ರೌಲಿಯಲ್ಲೋ ಗಣಿಯ ಬಾಯಲ್ಲೇ ಇರುವ ಸ್ಥಾವರದ ಕಲ್ಲಿದ್ದಲು ವೆಚ್ಚ ಯೂನಿಟ್ಟಿಗೆ 2 ರೂಪಾಯಿಯ ಒಳಗೇ ಇರುತ್ತದೆ. ಅದನ್ನು ಸೋಲಾರ್ ಕೂಡ ಸುಲಭಕ್ಕೆ ಸೋಲಿಸಲಾರದು. ದೂರದಿಂದ ಬಂದ ಕಲ್ಲಿದ್ದಲು ಟನ್ನಿಗೆ 5,000 ಬಿದ್ದರೆ 700 ಗ್ರಾಮಿಗೆ 3 ರೂಪಾಯಿ 50 ಪೈಸೆ. ಹಗಲು ಹೊತ್ತು ಇಂಥ ಸ್ಥಾವರವನ್ನು ಸೋಲಾರ್ ಹಿಂದೆ ಹಾಕುತ್ತದೆ. ಹೊಸ ಸೋಲಾರಿಗೆ ಸಂಜೆಗಾಗಿ ಬ್ಯಾಟರಿಯನ್ನೂ ಸೇರಿಸಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಒಂದು ಕಡೆ ಪ್ಯಾನೆಲ್, ಬ್ಯಾಟರಿ, ಬಡ್ಡಿ ಎಲ್ಲ ಸೇರಿದ ಪೂರಾ ದರ. ಇನ್ನೊಂದು ಕಡೆ ಹಳೇ ಸ್ಥಾವರದ ಬರೀ ಕಲ್ಲಿದ್ದಲಿನ ದರ. ಹಳೆಯದು ಬಾಳುತ್ತಿರುವುದು ಈ ಅಸಮ ಹೋಲಿಕೆಯಲ್ಲಿ. ಹಾಗಂತ ಹೋಲಿಕೆ ತಪ್ಪಲ್ಲ, ಆಗಲೇ ಖರ್ಚಾದ ಹಣ ಹೇಗೂ ವಾಪಸ್ ಬರುವುದಿಲ್ಲ. ತಪ್ಪಾಗುವುದು ಇದೇ ಲೆಕ್ಕವನ್ನು ಮುಂದಿಟ್ಟು ಹೊಸ ಕಲ್ಲಿದ್ದಲು ಸ್ಥಾವರಕ್ಕೂ "ಅಗ್ಗ" ಎಂಬ ಹಣೆಪಟ್ಟಿ ಹಚ್ಚಿದಾಗ.

ಸಂಜೆ ಏಳು, ಮಾರ್ಚ್ ತಿಂಗಳು

ಮಾರ್ಚಿನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂವರೆ ಹೊತ್ತಿಗೆ. ನಾಲ್ಕು ಗಂಟೆಯಿಂದ ಶುರುವಾಗಿ ಎರಡೂವರೆ ತಾಸಿನಲ್ಲಿ ಸಾವಿರಾರು ಮೆಗಾವಾಟ್ ಸೋಲಾರ್ ಸೊನ್ನೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಫ್ಯಾನು, ಟಿವಿ, ಅಂಗಡಿಗಳಲ್ಲಿ ಎಸಿ ಏರುತ್ತವೆ. ಈ ಹೊಂಡವನ್ನು ಯಾರಾದರೂ ತುಂಬಬೇಕು. ಜಲವಿದ್ಯುತ್ತು ಇದಕ್ಕೆ ಹೇಳಿ ಮಾಡಿಸಿದ್ದು, ಗೇಟು ತೆರೆದು ನಿಮಿಷಗಳಲ್ಲಿ ಟರ್ಬೈನ್ ತಿರುಗಿಸಬಹುದು. ಆದರೆ ಮಾರ್ಚಿನಲ್ಲಿ ಲಿಂಗನಮಕ್ಕಿಯ ನೀರನ್ನು ಮುಂದಿನ ಮಳೆಯವರೆಗೆ ಹನಿ ಲೆಕ್ಕದಲ್ಲಿ ಹಂಚಬೇಕು.

ಗಾಳಿ? ಇಲ್ಲಿ ಒಂದು ಭೌತಶಾಸ್ತ್ರದ ಸಂಗತಿ ಅಡ್ಡ ಬರುತ್ತದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೆಕೆಂಡಿಗೆ 12 ಮೀಟರ್ ಬೀಸಿದಾಗ ಪೂರ್ತಿ ಸಾಮರ್ಥ್ಯ ಕೊಡುವ ಯಂತ್ರ, 6 ಮೀಟರಿಗೆ ಇಳಿದರೆ ಅರ್ಧ ಕೊಡುವುದಿಲ್ಲ, ಸುಮಾರು ಎಂಟನೇ ಒಂದು ಭಾಗ ಕೊಡುತ್ತದೆ. 3 ಮೀಟರಿಗಿಂತ ಕೆಳಗೆ ಏನೂ ಇಲ್ಲ, 25 ಮೀಟರ್ ಮೀರಿದರೆ ರೆಕ್ಕೆ ತಿರುಗಿಸಿಕೊಂಡು ತಾನೇ ನಿಂತುಬಿಡುತ್ತದೆ. ಹಾಗಾಗಿ ದೂರದಿಂದ ನೋಡುವವರಿಗೆ ರೆಕ್ಕೆ ನಿಧಾನಕ್ಕೆ ತಿರುಗುತ್ತಲೇ ಇದೆ ಅನಿಸಿದರೂ ತಂತಿಗೆ ಹೋಗುವುದು ಅತ್ಯಲ್ಪ ಇರಬಹುದು. ಜೋಗಿಮಟ್ಟಿ ಸಾಲಿನ ಯಂತ್ರಗಳ ವರ್ಷದ ಉತ್ಪಾದನೆಯ ಬಹುಪಾಲು ಬರುವುದು ಜೂನ್‌ನಿಂದ ಸೆಪ್ಟೆಂಬರ್, ಅಂದರೆ ಆಷಾಢದ ಗಾಳಿ ಹೊಡೆಯುವ ಕಾಲದಲ್ಲಿ. ಬೇಡಿಕೆ ತುದಿ ಮುಟ್ಟುವುದು ಫೆಬ್ರುವರಿಯಿಂದ ಏಪ್ರಿಲ್, ಬೇಸಿಗೆ ಬೆಳೆಗೆ, ತೋಟಕ್ಕೆ ನೀರು ಹಾಯಿಸುವ, ಸೆಕೆ ಏರುವ ತಿಂಗಳುಗಳಲ್ಲಿ. 2025ರಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವಾಟ್ ದಾಟಿದ್ದೂ ಈ ಕಾಲದಲ್ಲೇ.

ಮಳೆಯೂ ಕೈಕೊಟ್ಟ ವರ್ಷ ಏನಾಗುತ್ತದೆ ಎಂಬುದನ್ನು 2023 ತೋರಿಸಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಜಲಾಶಯ ತುಂಬಲಿಲ್ಲ, ಮಳೆ ಬಾರದ್ದಕ್ಕೆ ಪಂಪ್‌ಸೆಟ್‌ಗಳು ಮುಂಗಾರಿನಲ್ಲೇ ಓಡತೊಡಗಿದವು. ಏಳು ಗಂಟೆ ಕೊಡಬೇಕಾದ ತ್ರೀ ಫೇಸ್ ಅಕ್ಟೋಬರಿನಲ್ಲಿ ಐದು ಗಂಟೆಗೆ ಇಳಿಯಿತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರು ಹೊರರಾಜ್ಯಕ್ಕೆ ಮಾರದಂತೆ ತಡೆಯಿತು, ಉತ್ತರ ಪ್ರದೇಶ, ಪಂಜಾಬಿನಿಂದ ಎರವಲು ಕರೆಂಟು ತಂದಿತು. ಅಂಥ ವರ್ಷದಲ್ಲಿ ಯಾವ ಸರ್ಕಾರವೂ ಕಲ್ಲಿದ್ದಲು ಘಟಕ ಮುಚ್ಚುವ ಮಾತೆತ್ತುವುದಿಲ್ಲ. ಒಣಗಿದ ಬೆಳೆಯ ಮುಂದೆ ನಿಂತ ರೈತನಿಗೆ ಹವಾಮಾನ ಒಪ್ಪಂದದ ಲೆಕ್ಕ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಬರಬಾರದು ಕೂಡ.

ಆರಿಸಿ ಹಚ್ಚುವ ಒಲೆ ಅಲ್ಲ

ಹಗಲು ಸೋಲಾರ್ ಇದೆಯಲ್ಲ, ಹಗಲು ಕಲ್ಲಿದ್ದಲು ನಿಲ್ಲಿಸಿ ಸಂಜೆಗೆ ಹಚ್ಚಿದರಾಗದೇ ಎಂದು ಕೇಳಬಹುದು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಮ್ಮೆ ಮರಳು ಕಾದ ಮೇಲೆ ಅಕ್ಕಿ ಮುಗಿಯುವವರೆಗೆ ಭಟ್ಟಿ ಆರಲು ಬಿಡುವುದಿಲ್ಲ, ಆರಿದರೆ ಮತ್ತೆ ಕಾಯಿಸುವುದರಲ್ಲೇ ಹೊತ್ತೂ ಉರುವಲೂ ಹೋಗುತ್ತದೆ. ಬಾಯ್ಲರಿನ ಪಾಡೂ ಅಷ್ಟೇ, ಗಾತ್ರ ಮಾತ್ರ ದೊಡ್ಡದು.

ಪೂರ್ತಿ ತಣ್ಣಗಾದ ಘಟಕವನ್ನು ಮತ್ತೆ ಪೂರ್ತಿ ಲೋಡಿಗೆ ತರಲು ಎಂಟು-ಹತ್ತು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಮೊದಲ ಹಂತದಲ್ಲಿ ಕಲ್ಲಿದ್ದಲು ಪುಡಿ ತಾನಾಗಿ ಹತ್ತಿಕೊಳ್ಳುವಷ್ಟು ಕುಲುಮೆ ಬಿಸಿಯಾಗಿರುವುದಿಲ್ಲ, ಹಾಗಾಗಿ ಡೀಸೆಲ್ಲಿನಂಥ ದುಬಾರಿ ಎಣ್ಣೆ ಸುಡಬೇಕು. ಉಗಿಯ ಕೊಳವೆಗಳು, ಟರ್ಬೈನಿನ ದಪ್ಪ ಕವಚ ನಿಧಾನಕ್ಕೆ, ಸಮವಾಗಿ ಕಾಯಬೇಕು. ಅವಸರ ಮಾಡಿದರೆ ಒಳಮೈ ಬೇಗ ಹಿಗ್ಗಿ ಹೊರಮೈ ಹಿಂದೆ ಬಿದ್ದು ಲೋಹದಲ್ಲಿ ಬಿರುಕು ಹುಟ್ಟುತ್ತದೆ. ದಿನಾ ಕಾಯಿಸಿ ತಣಿಸಿದರೆ ಬಾಯ್ಲರ್ ಟ್ಯೂಬು ಬೆಸುಗೆಯ ಜಾಗದಲ್ಲಿ ಸೋರತೊಡಗುತ್ತದೆ. ಒಂದು ಟ್ಯೂಬ್ ಸೋರಿದರೂ ಘಟಕ ನಿಲ್ಲಿಸಿ, ಒಳಗೆ ಮನುಷ್ಯ ಇಳಿಯುವಷ್ಟು ತಣಿಯಲು ಕಾದು, ಕತ್ತರಿಸಿ, ಬೆಸೆದು, ಒತ್ತಡ ಪರೀಕ್ಷೆ ಮಾಡಿ ಮತ್ತೆ ಹಚ್ಚಲು ಎರಡು ಮೂರು ದಿನ ಬೇಕು.

ಆದ್ದರಿಂದ ಹಗಲಲ್ಲಿ ಘಟಕವನ್ನು ನಿಲ್ಲಿಸುವ ಬದಲು ತಗ್ಗಿಸುತ್ತಾರೆ. ಅದಕ್ಕೂ ತಳಮಿತಿ ಇದೆ. ಸದ್ಯ ಬಹುಪಾಲು ಘಟಕಗಳಿಗೆ ಅದು ಸಾಮರ್ಥ್ಯದ ಶೇ 55. ಹಂತಹಂತವಾಗಿ ಶೇ 40ಕ್ಕೆ ಇಳಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ತಳಮಿತಿಯಲ್ಲಿ ಜ್ವಾಲೆ ಅಸ್ಥಿರವಾಗುತ್ತದೆ, ದಕ್ಷತೆ ಕುಸಿದು ಯೂನಿಟ್ಟಿಗೆ ಹೆಚ್ಚು ಕಲ್ಲಿದ್ದಲು ಹಿಡಿಯುತ್ತದೆ. ಸಂಜೆಗೆ ಹತ್ತು ಘಟಕ ಬೇಕಿದ್ದರೆ ಆ ಹತ್ತೂ ಘಟಕ ಮಧ್ಯಾಹ್ನ ಅರ್ಧ ಉರಿಯಲ್ಲಿ ಕಾಯುತ್ತಿರಬೇಕು. ಆ ಅರ್ಧ ಉರಿಗೆ ಜಾಗ ಮಾಡಿಕೊಡಲು ಒಮ್ಮೊಮ್ಮೆ ಸೋಲಾರನ್ನೇ ಕಡಿತ ಮಾಡುತ್ತಾರೆ. ಉರುವಲು ಬೇಡದ ವಿದ್ಯುತ್ತನ್ನು ಬಿಸಾಡಿ ಉರುವಲು ಸುಡುವ ಈ ಸ್ಥಿತಿ ನಿಜಕ್ಕೂ ನೋವಿನದು. ಕಲ್ಲಿದ್ದಲು ಘಟಕಗಳನ್ನು ಶೇ 40ಕ್ಕೆ ಇಳಿಯುವಂತೆ ಸಜ್ಜುಗೊಳಿಸುವ ಕೆಲಸ ಸುದ್ದಿಯಾಗುವುದಿಲ್ಲ, ಆದರೆ ಹೊಸ ಸೋಲಾರ್ ಪಾರ್ಕಿನಷ್ಟೇ ಬೆಲೆ ಬಾಳುವ ಕೆಲಸ ಅದು.

ಬಡ್ಡಿ ಎಂಬ ಉರುವಲು

ಗಾಳಿಗೂ ಬಿಸಿಲಿಗೂ ಉರುವಲಿನ ಖರ್ಚಿಲ್ಲ, ಎಲ್ಲ ಖರ್ಚೂ ಮೊದಲ ದಿನವೇ. ಹಾಗಾಗಿ ಅದರ ದರ ನಿರ್ಧರಿಸುವುದು ಬಿಸಿಲಿಗಿಂತ ಹೆಚ್ಚಾಗಿ ಬಡ್ಡಿ. ಒಂದು ಮೆಗಾವಾಟ್ ಸೋಲಾರಿಗೆ ನಾಲ್ಕೂವರೆ ಕೋಟಿ ಹಾಕಿ, ವರ್ಷಕ್ಕೆ 17 ಲಕ್ಷ ಯೂನಿಟ್ ಪಡೆದು, 25 ವರ್ಷದಲ್ಲಿ ಸಮಕಂತಿನಲ್ಲಿ ಸಾಲ ತೀರಿಸುತ್ತೀರಿ ಎಂದುಕೊಳ್ಳಿ. ಬಡ್ಡಿ ಶೇ 4 ಇದ್ದರೆ ಯೂನಿಟ್ಟಿಗೆ ಬೀಳುವುದು 1 ರೂಪಾಯಿ 70 ಪೈಸೆ. ಶೇ 10 ಆದರೆ 2 ರೂಪಾಯಿ 90 ಪೈಸೆ. ಶೇ 14 ಆದರೆ 3 ರೂಪಾಯಿ 85 ಪೈಸೆ. ಅದೇ ಪ್ಯಾನೆಲ್, ಅದೇ ಬಿಸಿಲು. ಯುರೋಪಿನ ಕಂಪನಿಗೆ ಮೊದಲ ದರಕ್ಕೆ ಸಾಲ ಸಿಗುತ್ತದೆ, ಆಫ್ರಿಕದ ಹಲವು ದೇಶಗಳಿಗೆ ಕೊನೆಯದಕ್ಕೂ ಸಿಗುವುದು ಕಷ್ಟ. ಕಲ್ಲಿದ್ದಲಿನಲ್ಲಿ ಖರ್ಚಿನ ದೊಡ್ಡ ಪಾಲು ದಿನದಿನದ ಉರುವಲು, ಇವತ್ತು ಸುಟ್ಟು ನಾಳೆ ಹಣ ಕೊಡಬಹುದು. ಕೈಯಲ್ಲಿ ಬಂಡವಾಳ ಇಲ್ಲದವರು ದುಬಾರಿಯಾದರೂ ಕಂತಿನ ದಾರಿಯನ್ನೇ ಹಿಡಿಯುತ್ತಾರೆ.

ಕೊಳ್ಳುವವರ ಹಣಕಾಸೂ ಇಲ್ಲಿ ಸೇರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, 2023ರಿಂದ ಗೃಹಜ್ಯೋತಿಯಲ್ಲಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ. ಬಡ ಮನೆಗೆ ಇದು ಬದುಕಿನ ಆಸರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗೆ ಹೊತ್ತಿಗೆ ಸರಿಯಾಗಿ ತುಂಬಿಕೊಡಬೇಕು. ತಡವಾದರೆ ಕಂಪನಿ ಉತ್ಪಾದಕರಿಗೆ ತಡ ಮಾಡುತ್ತದೆ, ಆ ತಡದ ಭಯಕ್ಕೆ ಬ್ಯಾಂಕು ಹೊಸ ಗಾಳಿ, ಸೋಲಾರ್ ಯೋಜನೆಗೆ ಬಡ್ಡಿ ಏರಿಸುತ್ತದೆ. ಹೀಗೆ ಒಂದು ಬಾಕಿ ಇನ್ನೊಂದು ದಾರಿಯಲ್ಲಿ ಕಲ್ಲಿದ್ದಲಿನ ಆಯುಷ್ಯ ಹೆಚ್ಚಿಸುತ್ತದೆ.

ಈ ಗಂಟು ನಮ್ಮದೊಂದೇ ಅಲ್ಲ. ಇಂಡೊನೇಷ್ಯ ತನ್ನ ಸ್ಥಾವರಗಳಿಗೆ ಕೊಡುವ ಕಲ್ಲಿದ್ದಲಿನ ದರಕ್ಕೆ 2018ರಿಂದ ಟನ್ನಿಗೆ 70 ಡಾಲರಿನ ಮಿತಿ ಹಾಕಿದೆ. ಜಗತ್ತಿನ ಮಾರುಕಟ್ಟೆ ಎಷ್ಟೇ ಏರಲಿ, ಅಲ್ಲಿನ ಕಲ್ಲಿದ್ದಲು ಕರೆಂಟು ಅಗ್ಗವಾಗಿಯೇ ಕಾಣುತ್ತದೆ. ಜಾವಾದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸ್ಥಾವರ ಕಟ್ಟಿ, ತೆಗೆದುಕೊಳ್ಳದ ಕರೆಂಟಿಗೂ ಹಣ ಕೊಡುವ ಕರಾರಿನಿಂದ ಹೊಸ ಸೋಲಾರಿಗೆ ಜಾಗವೇ ಸಿಗುತ್ತಿಲ್ಲ. ವಿಯೆಟ್ನಾಂ 2019-20ರಲ್ಲಿ ಒಳ್ಳೆಯ ದರ ಕೊಟ್ಟು ಎರಡೇ ವರ್ಷದಲ್ಲಿ 16,000 ಮೆಗಾವಾಟ್ ಆಸುಪಾಸು ಸೋಲಾರ್ ಹಾಕಿಸಿತು. ಪ್ಯಾನೆಲ್ ಬಹುಪಾಲು ಬಂದದ್ದು ದಕ್ಷಿಣದಲ್ಲಿ, ಕರೆಂಟು ಸಾಗಿಸುವ ಲೈನು ಸಾಲದೆ ಹೋಯಿತು, 2023ರ ಜೂನಿನಲ್ಲಿ ಉತ್ತರದ ಕಾರ್ಖಾನೆಗಳು ಕತ್ತಲಾದವು. ಪಾಕಿಸ್ತಾನದಲ್ಲಿ ಜನ ದುಬಾರಿ ಬಿಲ್ಲಿಗೆ ಬೇಸತ್ತು ತಾವೇ ಚಾವಣಿಯ ಮೇಲೆ ಪ್ಯಾನೆಲ್ ಹಾಕಿಕೊಂಡರು. ಸ್ಥಾವರಗಳ ಸ್ಥಿರ ವೆಚ್ಚ ಪ್ಯಾನೆಲ್ ಇಲ್ಲದವರ ತಲೆಯ ಮೇಲೆ ಬಂತು. ದಕ್ಷಿಣ ಆಫ್ರಿಕಕ್ಕೆ ಕಲ್ಲಿದ್ದಲು ಬಿಡಲು 2021ರಲ್ಲಿ ಶ್ರೀಮಂತ ದೇಶಗಳು 8.5 ಶತಕೋಟಿ ಡಾಲರ್ ಮಾತು ಕೊಟ್ಟವು. ಅದರಲ್ಲಿ ಬಹುಪಾಲು ಸಾಲದ ರೂಪದಲ್ಲಿದೆ.

ಇಲ್ಲಿ ಇನ್ನೊಂದು ಮುಖವೂ ಇದೆ: ಕಲ್ಲಿದ್ದಲು ಎಂಬುದು ಹಲವರ ಆದಾಯ. ಭಾರತೀಯ ರೈಲ್ವೆ ಸಾಗಿಸುವ ಸರಕಿನಲ್ಲಿ ಅರ್ಧದಷ್ಟು ಕಲ್ಲಿದ್ದಲು. ಪ್ಯಾಸೆಂಜರ್ ಟಿಕೆಟ್ಟಿನ ನಷ್ಟ ತುಂಬುವುದು ಸರಕಿನ ಬಾಡಿಗೆ. ಜಾರ್ಖಂಡ್, ಒಡಿಶಾ, ಛತ್ತೀಸಗಡಕ್ಕೆ ಗಣಿ ದರದ ಮೇಲೆ ಶೇ 14 ರಾಯಧನ ಸಿಗುತ್ತದೆ. ಗಣಿಯೂರುಗಳಲ್ಲಿ ಇದನ್ನೇ ನಂಬಿದ ಲಕ್ಷಾಂತರ ಮನೆಗಳಿವೆ. ಇವರಿಗೆಲ್ಲ ಬದಲಿ ದಾರಿ ತೋರಿಸದೆ ಮುಚ್ಚುವ ಮಾತು ಓಡುವುದಿಲ್ಲ. ಹಾಗೆಯೇ ದರದಲ್ಲಿ ಕಾಣದ ಖರ್ಚನ್ನು ಹೊರುವವರೂ ಇದ್ದಾರೆ: ಚಿಮಣಿಯ ಕೆಳಗಿನ ಊರುಗಳ ಜನ, ಬೂದಿ ಹೊಂಡದ ಪಕ್ಕದ ಹೊಲದವರು. ಗಂಧಕದ ಹೊಗೆ ತಡೆಯುವ ಯಂತ್ರ ಹಾಕಬೇಕೆಂದು 2015ರ ಡಿಸೆಂಬರಿನಲ್ಲಿ ನಿಯಮ ಬಂತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು. ಆ ಯಂತ್ರದ ಖರ್ಚು ಸೇರದ ದರವನ್ನೇ ನಾವು ಅಗ್ಗ ಎನ್ನುತ್ತಿದ್ದೇವೆ.

ಬಯಲುಸೀಮೆಯಲ್ಲಿ ಏನು ಮಾಡಬಹುದು

ಬ್ಯಾಟರಿ ದರ ಬೇಗ ಇಳಿಯುತ್ತಿದೆ. ಎರಡು ತಾಸಿನ ಬ್ಯಾಟರಿ ಮಧ್ಯಾಹ್ನದ ಸೋಲಾರನ್ನು ಸಂಜೆ ಏಳರಿಂದ ಒಂಬತ್ತಕ್ಕೆ ಒಯ್ಯುತ್ತದೆ. ತುಂಬಿ ತೆಗೆಯುವಾಗ ಶೇ 10ರಿಂದ 15 ನಷ್ಟ. ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಮತ್ತೆ ಇಳಿಸುವ ಪಂಪ್ಡ್ ಸ್ಟೋರೇಜಿನಲ್ಲಿ ಶೇ 20-25 ನಷ್ಟ, ಆದರೆ ಹೆಚ್ಚು ತಾಸು ನಡೆಯುತ್ತದೆ. ಶರಾವತಿಯಲ್ಲಿ 2,000 ಮೆಗಾವಾಟ್‌ನ ಇಂಥ ಯೋಜನೆ ಸಿಂಗಳೀಕದ ಕಾಡಿನ ನಡುವೆ ಬರುವುದರಿಂದ ವಿರೋಧ ಎದುರಿಸುತ್ತಿದೆ, ಆ ವಿರೋಧಕ್ಕೆ ಗಟ್ಟಿ ಕಾರಣಗಳಿವೆ. ಇವೆರಡೂ ಒಂದು ದಿನದೊಳಗಿನ ಹೊಂಡ ತುಂಬುತ್ತವೆ. ಆಷಾಢದ ಗಾಳಿಯನ್ನು ಮಾರ್ಚಿಗೆ ಒಯ್ಯಲು ಯಾವ ಬ್ಯಾಟರಿಯೂ ಸದ್ಯಕ್ಕಿಲ್ಲ. ಕಲ್ಲಿದ್ದಲಿಗೆ ಕೊನೆಗೂ ಉಳಿಯುವ ಕೆಲಸ ಬೇಸಿಗೆಯ ರಾತ್ರಿಗಳದ್ದು. ವರ್ಷವಿಡೀ ಓಡುವ ಬದಲು ಆ ನೂರು ನೂರೈವತ್ತು ದಿನಕ್ಕೆ ಸೀಮಿತವಾದರೂ ಸುಡುವ ಟನ್ನು ಅರ್ಧಕ್ಕಿಂತ ಕೆಳಗೆ ಬರುತ್ತದೆ.

ನಮ್ಮ ಜಿಲ್ಲೆಗಳಿಗೆ ಇದಕ್ಕಿಂತ ಅಗ್ಗದ ಉಪಾಯ ಪಂಪ್‌ಸೆಟ್‌ಗಳಲ್ಲೇ ಇದೆ. ನೀರೆತ್ತುವ ಕೆಲಸ ರಾತ್ರಿಯೇ ಆಗಬೇಕೆಂದಿಲ್ಲ. ಏಳು ಗಂಟೆಯನ್ನೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೆ ಕೊಟ್ಟರೆ ಸೋಲಾರಿಗೆ ಗಿರಾಕಿ ಸಿಗುತ್ತದೆ, ಕಡಿತ ತಪ್ಪುತ್ತದೆ, ರಾತ್ರಿಯ ಕಲ್ಲಿದ್ದಲು ಉಳಿಯುತ್ತದೆ. ರೈತರೂ ಕರಡಿ, ಹಾವಿನ ಭಯದಲ್ಲಿ ಕತ್ತಲಲ್ಲಿ ಗೇಟ್‌ವಾಲ್ವ್ ತಿರುಗಿಸಲು ಹೋಗಬೇಕಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರುಗಳನ್ನು (ಸಬ್‌ಸ್ಟೇಷನ್ನಿನಿಂದ ಪಂಪ್‌ಸೆಟ್‌ಗಳಿಗೆ ಹೋಗುವ ಲೈನು) ಮನೆ ಫೀಡರಿನಿಂದ ಬೇರ್ಪಡಿಸಿರುವ ಕಡೆ ಇದು ಸುಲಭ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಆ ಫೀಡರಿಗೇ ಕೊಟ್ಟರೆ ದೂರದ ಲೈನಿನ ನಷ್ಟವೂ ತಪ್ಪುತ್ತದೆ.

ಇದು ಕೆಡುವ ಜಾಗ ಒಂದಿದೆ. ತೋಟದ ಪೆಟ್ಟಿಗೆಗಳಲ್ಲಿ ಆಟೋ ಸ್ಟಾರ್ಟರ್ ಇರುತ್ತದೆ, ಕರೆಂಟು ಬಂದ ಕೂಡಲೇ ಆ ಟಿಸಿಯ ಅಷ್ಟೂ ಮೋಟಾರು ಒಮ್ಮೆಗೇ ಎದ್ದೇಳುತ್ತವೆ. ಶುರುವಾಗುವಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಆಂಪಿಯರ್ ಎಳೆಯುತ್ತದೆ, ವೋಲ್ಟೇಜು ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಅದೇ ನೀರೆತ್ತಲು ಇನ್ನೂ ಹೆಚ್ಚು ಆಂಪಿಯರ್ ಬೇಕಾಗಿ ವೈಂಡಿಂಗ್ ಸುಡುತ್ತದೆ, ಟಿಸಿಯೂ ಕೆಡುತ್ತದೆ. ಎಲ್ಲರನ್ನೂ ಹಗಲಿಗೆ ತಂದಾಗ ಈ ಹೊರೆ ದುಪ್ಪಟ್ಟಾಗುತ್ತದೆ. ಹಾಗಾಗಿ ಹಗಲು ತ್ರೀ ಫೇಸ್ ಜೊತೆಗೆ ಟಿಸಿ ಸಾಮರ್ಥ್ಯ ಏರಿಸಬೇಕು, ಮೋಟಾರಿಗೆ ತಕ್ಕ ಕೆಪಾಸಿಟರ್ ಹಾಕಿಸಬೇಕು, ಫೀಡರುಗಳನ್ನು ಅರ್ಧರ್ಧ ತಾಸು ಹಿಂದೆ ಮುಂದೆ ಮಾಡಿ ಬಿಡಬೇಕು. ಇದ್ಯಾವುದೂ ಕಲ್ಲಿದ್ದಲು ಸ್ಥಾವರದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಭದ್ರಾ ಮೇಲ್ದಂಡೆಯ ಲೆಕ್ಕವನ್ನೂ ಇದೇ ಕಣ್ಣಿನಿಂದ ನೋಡಬೇಕು. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ಎತ್ತಿ, ಅಲ್ಲಿಂದ ಮತ್ತೆ ಎತ್ತಿ ಅಜ್ಜಂಪುರದ ಸುರಂಗದಾಚೆ ಚಿತ್ರದುರ್ಗದ ಕಡೆ ಹರಿಸುವ ಯೋಜನೆಗೆ ಪಂಪು ಓಡಬೇಕಾದ್ದು ಮಳೆಗಾಲದಲ್ಲಿ, ಅಂದರೆ ನಮ್ಮ ಗುಡ್ಡದ ಯಂತ್ರಗಳು ಅತಿ ಹೆಚ್ಚು ಕರೆಂಟು ಕೊಡುವ ತಿಂಗಳುಗಳಲ್ಲೇ. ಆ ಪಂಪುಗಳ ವೇಳಾಪಟ್ಟಿಯನ್ನು ದಿನದಿನದ ಗಾಳಿಯ ಮುನ್ಸೂಚನೆಗೆ ಹೊಂದಿಸಿದರೆ, ಮಳೆಗಾಲದ ಗಾಳಿ ವಾಣಿವಿಲಾಸದಲ್ಲಿ ನೀರಾಗಿ ಕೂಡಿ ಬೇಸಿಗೆಯ ಹೊಲಕ್ಕೆ ಸಿಗುತ್ತದೆ, ಅಷ್ಟು ಮಟ್ಟಿಗೆ ಮಾರ್ಚಿನ ಬೋರು ಕಡಿಮೆ ಓಡುತ್ತದೆ.

ಪ್ರತಿ ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಕೊಡಬಹುದು. ಆಯೋಗದ ಆದೇಶದಲ್ಲಿ ಬೆಸ್ಕಾಂ ಯಾವ ಸ್ಥಾವರದಿಂದ ಎಷ್ಟು ಯೂನಿಟ್ ಕೊಳ್ಳುತ್ತದೆ, ಅದರ ಸ್ಥಿರ ವೆಚ್ಚ ಎಷ್ಟು, ಚರ ವೆಚ್ಚ ಎಷ್ಟು ಎಂಬ ಪಟ್ಟಿ ಇರುತ್ತದೆ. ರೈತ ಸಂಘಟನೆಗಳು, ಅಕ್ಕಿ ಗಿರಣಿಯವರು, ಎಣ್ಣೆ ಮಿಲ್ಲಿನವರು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಎರಡು ಪ್ರಶ್ನೆ ಕೇಳಬೇಕು: ಕಡಿಮೆ ಓಡಿಯೂ ಹೆಚ್ಚು ಸ್ಥಿರ ವೆಚ್ಚ ಪಡೆಯುತ್ತಿರುವ ಘಟಕ ಯಾವುದು, ಅದರ ಕರಾರು ಯಾವ ವರ್ಷ ಮುಗಿಯುತ್ತದೆ? ನಮ್ಮ ತಾಲ್ಲೂಕಿನ ಎಷ್ಟು ಕೃಷಿ ಫೀಡರಿಗೆ ಹಗಲು ತ್ರೀ ಫೇಸ್ ಕೊಡಲು ಯಾವ ಸಬ್‌ಸ್ಟೇಷನ್ನಿನಲ್ಲಿ ಏನು ಕೊರತೆ ಇದೆ?